ಎಡಗಡೆಯ ಬಾಗಿಲು

"...ಅಲ್ಲಾ ಕಣೇ, ಕಣ್ಣು ಕೆಂಪಗಾದ ಮಾತ್ರಕ್ಕೆ ಯಾರಾದ್ರೂ ರಜೆ ಹಾಕ್ತಾರಾ? ಬಸ್ಸಿನ ಕೀ ಕೊಡು ಮೊದ್ಲು. ಏಳೂಕಾಲು ಆಯ್ತು. ಮೂವತ್ತೆರಡು ಮಕ್ಕಳು ಬೆನ್ನಿಗೆ ಚೀಲ ಹೊತ್ಕೊಂಡು ರಸ್ತೇಲಿ ನಿಂತಿರ್ತಾವೆ. ನಮ್ಮ ಪುಟ್ಟೀನೂ ಹೊರಟು ನಿಂತಿದಾಳೆ...

ಏನು ಹಾಗೆ ನೋಡ್ತೀಯಾ? ಎಡಗಣ್ಣಿನ ಲೆನ್ಸ್ ನಿನ್ನೇನೇ ತೆಗೆದಿಟ್ಟೆ ಅಂದೆನಲ್ಲ! ಧೂಳು ಬಿದ್ದಿತ್ತು, ಅಷ್ಟೆ... ಸರಿ, ಧೂಳಲ್ಲ. ಹೋದ ವಾರ ಶಾಲೆ ಗೇಟ್ ಹತ್ರ ಅದು ಜಾರಿ ಅಂಗೈಗೆ ಬಿತ್ತು. ತೊಳೆಯೋ ಔಷಧಿ ಬಾಟಲಿ ಮನೇಲೇ ಉಳಿದಿತ್ತು. ಅಷ್ಟರಲ್ಲಿ ಬೆಲ್ ಹೊಡೀತು. ನಾನೇನು ಮಾಡ್ಲಿ? ಬಾಯಿಗೆ ಹಾಕ್ಕೊಂಡು, ಒದ್ದೆ ಮಾಡಿ, ವಾಪಸ್ ಕಣ್ಣಿಗೆ ಒತ್ಕೊಂಡೆ. ಥೂ ಅಂತೀಯಾ? ನನ್ನ ಎಂಜಲು, ನನ್ನ ಕಣ್ಣು!

ಹ್ಞಾಂ, ಬಂತು ನೋಡು, ಮತ್ತೆ ಕನ್ನಡಕ ಹಾಕ್ಕೋ ಅನ್ನೋ ನಿನ್ನ ಮಾತು! ಮಕ್ಕಳು 'ಸೋಡಾಬುಡ್ಡಿ ಮಾಮ' ಅಂತ ಕೂಗಿದ್ದು, ಪುಟ್ಟಿ ತಲೆ ತಗ್ಗಿಸ್ಕೊಂಡು ಕೂತಿದ್ದು, ಬಸ್ಸಿನ ಕನ್ನಡೀಲಿ ನೋಡಿದವನು ನಾನು. ನೀನಲ್ಲ.

ಡಾಕ್ಟ್ರಾ? ಹೋಗಿದ್ದೆ. ಹನಿ ಬರೆದುಕೊಟ್ರು. ಇನ್ನೇನೂ ಅನ್ನಲಿಲ್ಲ... ಅಂದ್ರು, ಅಂದ್ರು ಮಾರಾಯ್ತಿ! ಕರಿಗುಡ್ಡೆ ಮೇಲೆ ಹುಣ್ಣಾಗಿದೆ, ಹದಿನೈದು ದಿನ ಗಾಡಿ ಮುಟ್ಟಬೇಡ ಅಂದ್ರು. ಅವರಿಗೇನು, ಹೇಳ್ತಾರೆ. ಹದಿನೈದು ದಿನ ಇನ್ನೊಬ್ಬ ಕೂತ್ರೆ ಆ ಸೀಟು ಮತ್ತೆ ನನಗೆ ಸಿಗುತ್ತಾ? ಹನ್ನೊಂದು ವರ್ಷ ಕಣೇ... ಒಂದು ಮಗೂಗೂ ಒಂದು ತರಚು ಗಾಯ ಆಗಿಲ್ಲ.

ಮೊನ್ನೆ ಕಂಬಕ್ಕೆ ಉಜ್ಜಿದ್ದಾ? ಪುಟ್ಟಿ ಹೇಳಿದ್ಲಾ? ಚಾಡಿಬುರುಕಿ! ಕಂಬ ಅಲ್ಲಿ ನೆಟ್ಟವರ ತಪ್ಪದು. ಎಡಗಡೆ... ಎಡಗಡೆ ಸ್ವಲ್ಪ ಮಬ್ಬು, ಅಷ್ಟೆ. ಹಬೆ ಹಿಡಿದ ಗಾಜಿನ ಹಾಗೆ. ಮಕ್ಕಳು ಇಳಿಯೋ ಬಾಗಿಲು ಎಡಗಡೇನೇ ಅಂತ ನನಗೆ ಗೊತ್ತಿಲ್ವಾ? ತಿರುಗಿ ನೋಡ್ತೀನಿ. ಪ್ರತಿ ಸಲ ತಿರುಗಿ ನೋಡ್ತೀನಿ, ನಿನ್ನಾಣೆ!

ಎದುರಿಗಿದ್ದವಳು ಪಕ್ಕಕ್ಕೆ ಯಾಕೆ ಬಂದೆ? ಬೈಯಿ ಬೇಕಾದ್ರೆ... ಎಲ್ಲಿಟ್ಟಿದ್ದೀಯಾ ಕೀ? ಮೊಳೇಲಿಲ್ಲ, ಟೀವಿ ಮೇಲಿಲ್ಲ. ಹೀಗೆ ಪಕ್ಕದಲ್ಲಿ ಬಂದು ನಿಂತ್ರೆ ಆಗುತ್ತಾ? ಬಚ್ಚಿಟ್ಟು ಆಟ ಆಡೋ ಹೊತ್ತಾ ಇದು? ಕೊಡೇ, ಕೈ ಮುಗೀತೀನಿ. ನಿನಗೇ ಹೇಳ್ತಿರೋದು, ತಾಳು, ನಾನೇ ಆ ಕಡೆ ತಿರುಗ್ತೀನಿ...

ಅಯ್ಯೋ.

ಎಷ್ಟು ಹೊತ್ತಿಂದ... ಎಷ್ಟು ಹೊತ್ತಿಂದ ಹೀಗೆ ಕೀ ಹಿಡ್ಕೊಂಡು, ನನ್ನ ಎಡಗೆನ್ನೆ ಹತ್ರಾನೇ ಕೈ ಚಾಚಿದ್ದೀಯಾ?"