ಶೈಲಜಮ್ಮನವರ ಪಟಕ್ಕೆ ಹಾರ ಯಾಕೆ ಹಾಕಿಲ್ಲ

ಈ ಶ್ರದ್ಧಾಂಜಲಿ ಸಭೆಯಲ್ಲಿರುವ ಹಿರಿಯರಿಗೆ, ಚಾಮರಾಜಪೇಟೆಯ ನೆರೆಹೊರೆಯವರಿಗೆ, ಶೈಲಜಮ್ಮನವರ ಅಣ್ಣ ಶಿವರುದ್ರಪ್ಪನವರಿಗೆ, ಮಗಳು ತನುಶ್ರೀಗೆ — ಎಲ್ಲರಿಗೂ ಶರಣು. ನಾನು ವರದರಾಜ. ಶೈಲಜಮ್ಮನವರ ಫ್ರೇಮ್ ಅಂಗಡಿಯಲ್ಲಿ ಮರ ಕೊಯ್ದು ಚೌಕಟ್ಟು ಕೂಡಿಸ್ತಿದ್ದವನು. ಭಾಷಣ ಮಾಡಿ ಅಭ್ಯಾಸ ಇಲ್ಲ. ಊರಲ್ಲಿರೋ ತಂಗಿಗೆ ಕಾಗದ ಬರೆಯೋದು ಗೊತ್ತು, ಹಾಗೇ ಒಂದೆರಡು ಹಾಳೆ ಬರ್ಕೊಂಡು ಬಂದಿದ್ದೆ. ಆದರೆ ಈಗ ಅದನ್ನ ಜೇಬಿಗೆ ಹಾಕ್ಕೊಂಡೆ. ಯಾಕೆ ಅಂದ್ರೆ — ಸ್ವಲ್ಪ ಹೊತ್ತಿನ ಮುಂಚೆ ಇಲ್ಲಿ ನಡೆದದ್ದನ್ನ ನೀವೆಲ್ಲ ನೋಡಿದ್ರಿ.

ಶಿವರುದ್ರಪ್ಪನವರು ಹಾರ ಹಿಡ್ಕೊಂಡು ಪಟದ ಹತ್ರ ಬಂದ್ರು. ತನುಶ್ರೀ ಕೈ ಅಡ್ಡ ಹಿಡಿದಳು. "ಮಾವ, ಹಾರ ಬೇಡ." ಅವರು, "ಬೇಡ್ವಾ? ನನ್ನ ತಂಗಿ ಏನು ದಿಕ್ಕಿಲ್ಲದೋಳೇನೇ?" ಅಂದ್ರು. ಅಷ್ಟರಲ್ಲಿ ಪ್ರಾರ್ಥನೆ ಶುರುವಾಯ್ತು. ಆ ಹಾರ ಈಗಲೂ ಅವರ ತೊಡೆ ಮೇಲೇ ಇದೆ — ಪಂಚೆ ಒದ್ದೆ ಆಗ್ತಿದೆ, ನೋಡ್ತಿದ್ದೀನಿ. ಇಲ್ಲಿ ಬೋಳು ಪಟ. ಹಿಂದುಗಡೆ ಸಾಲಿನಲ್ಲಿ ಗುಸುಗುಸು.

ಇಬ್ಬರದೂ ತಪ್ಪಿಲ್ಲ ಸ್ವಾಮಿ. ಅದನ್ನ ಹೇಳೋದಕ್ಕೇ ನಿಂತಿದ್ದೀನಿ.

ಶೈಲಜಮ್ಮನವರು ಫೋಟೋ ತೆಗೆಸ್ಕೊಂಡವರಲ್ಲ. "ಅಂಗಡಿ ತುಂಬ ಊರವರ ಮುಖ ಇದೆ, ನನ್ನದೂ ಯಾಕೆ?" ಅಂತಿದ್ರು. ಅವರ ಮುಖ ಅಂತ ಉಳಿದಿರೋದು ಇದೊಂದೇ. ಇದು ಫೋಟೋ ಅಲ್ಲ, ಕಾಗದದ ಮೇಲೆ ಬರೆದ ವಾಟರ್ ಕಲರ್ ಚಿತ್ರ. ಬರೆದವರು ಮಲ್ಲೇಶ್ವರದ ಡ್ರಾಯಿಂಗ್ ಮೇಷ್ಟ್ರು ಚಕ್ರಪಾಣಿ, ಇಲ್ಲೇ ಮುಂದಿನ ಸಾಲಿನಲ್ಲಿದ್ದಾರೆ. ಒಂದು ಹನಿ ನೀರು ಗಾಜಿನ ಸಂದಿಯಲ್ಲಿ ಇಳಿದರೆ ಆ ಕಣ್ಣು ಕೆನ್ನೆಗೆ ಹರಿಯತ್ತೆ. ಮಗಳು ಹೆದರಿದ್ದು ಅದಕ್ಕೆ.

ಈ ಹೆದರಿಕೆ ಅವಳಿಗೆ ಎಲ್ಲಿಂದ ಬಂತು? ಅಮ್ಮನಿಂದಲೇ.

ಯಜಮಾನರು ತೀರಿಕೊಂಡ ಮೇಲೆ ಅಂಗಡಿಗೆ ಬಂದು ಕೂತಾಗ ಅವರಿಗೆ ಈ ಕೆಲಸ ಏನೂ ಗೊತ್ತಿರಲಿಲ್ಲ. ನನಗೂ ಗೊತ್ತಿದ್ದದ್ದು ಅಷ್ಟಕ್ಕಷ್ಟೇ — ಚಿತ್ರ ಇಡು, ಗಾಜು ಒತ್ತು, ಹಿಂದೆ ಹಲಗೆ, ಮೊಳೆ, ಮುಗೀತು. ಅವರಿಗೆ ಮುಗೀತಿರಲಿಲ್ಲ. ಯಾರಾದ್ರೂ ಹಳೇ ಪಟ ರಿಪೇರಿಗೆ ತಂದ್ರೆ ಬಿಚ್ಚಿ ಬೆಳಕಿಗೆ ಹಿಡಿಯೋರು, ಮೂಸಿ ನೋಡೋರು. ಹೌದು — ಮೂಸೋರು! ಒಂದ್ಸಲ ಯಾರದೋ ತಾತನ ಸನ್ಮಾನ ಪತ್ರ ಬಿಚ್ಚಿದ್ವಿ. ಕಾಗದದ ನಡುವೆ ಉದ್ದಕ್ಕೂ ಕಂದು ಗೆರೆ. ಪಕ್ಕದಲ್ಲಿ ಒಂದು ದುಂಡನೆ ಕಲೆ.

"ಯಾಕಿರಬಹುದು ವರದಣ್ಣ?"

"ಹಳೇದಾಯ್ತಲ್ಲಮ್ಮ, ಅದಕ್ಕೆ."

"ಹಳೇದಾದ್ರೆ ಎಲ್ಲಾ ಕಡೆ ಆಗ್ಬೇಕು. ಇಲ್ಲಿ ಮಾತ್ರ ಯಾಕೆ?"

ಬಿಸಾಕಿದ್ದ ಹಿಂದಿನ ಹಲಗೆಗಳನ್ನ ಹುಡುಕಿ ತಂದು ಕಾಗದದ ಪಕ್ಕ ಜೋಡಿಸಿದ್ರು. ಗೆರೆ ಇದ್ದ ಕಡೆ ಎರಡು ಹಲಗೆ ಕೂಡೋ ಸಂದಿ. ದುಂಡು ಕಲೆ ಇದ್ದ ಕಡೆ ಮರದ ಗಂಟು. ನಾನು ಹುಟ್ಟಿದಾಗಿನಿಂದ ಮರ ಕೊಯ್ದವನು, ಮರ ಕಾಗದದ ಮೇಲೆ ಹೀಗೆ ರುಜು ಹಾಕತ್ತೆ ಅಂತ ಕನಸಲ್ಲೂ ಅಂದುಕೊಂಡಿರಲಿಲ್ಲ. ಇಬ್ಬರೂ ಮಕ್ಕಳ ಹಾಗೆ ಹಲಗೆ ತೆಗೆಯೋದು, ಇಡೋದು, ತೆಗೆಯೋದು, ಇಡೋದು — ಗಿರಾಕಿ ಬಂದು ಕೆಮ್ಮಿದ ಮೇಲೇ ಎಚ್ಚರ. ಅವತ್ತಿಂದ ಹಲಗೆಗೂ ಕಾಗದಕ್ಕೂ ಮಧ್ಯೆ ಒಳ್ಳೇ ಬಿಳಿ ರಟ್ಟು ಇಡೋ ಪದ್ಧತಿ ಬಂತು.

ಅಂಟಿನ ವಿಷಯಕ್ಕೂ ಜಗಳವೇ. ನಾನು ನಾಲ್ಕೂ ಕಡೆ ಗಮ್ ಬಳಿದು ಅಂಟಿಸೋನು. ಅವರು ಮೈದಾ ಕುದಿಸಿ, ತೆಳ್ಳಗಿನ ಕಾಗದದ ಎರಡು ಪಟ್ಟಿ ಮಾಡಿ, ಮೇಲ್ಗಡೆ ಮಾತ್ರ ಹಿಡಿಸೋರು. "ತಂತಿ ಮೇಲೆ ಬಟ್ಟೆ ಒಣಗಿಹಾಕಿದ ಹಾಗಿರ್ಬೇಕು. ಮಳೇಲಿ ಕಾಗದ ಹಿಗ್ಗತ್ತೆ, ಬೇಸಿಗೇಲಿ ಕುಗ್ಗತ್ತೆ. ನಾಲ್ಕೂ ಕಡೆ ಕಟ್ಟಿಹಾಕಿದ್ರೆ ಪಾಪ ಎಲ್ಲಿಗೆ ಹೋಗ್ಬೇಕು?" ಇನ್ನೊಂದು ಮಾತು ಅನ್ನೋರು — "ನಮ್ಮ ಕೆಲಸ ಸರಿಯಿಲ್ಲ ಅಂತ ಮುಂದೆ ಯಾರಿಗಾದ್ರೂ ಅನ್ನಿಸಿದ್ರೆ, ನೀರು ಸವರಿ ಬಿಚ್ಚೋಕೆ ಅವರಿಗೆ ಆಗ್ಬೇಕು."

ಎಲ್ಲಾ ಅವರು ಮಾಡಿದ್ದೇ ಸರಿ ಅಂತಲ್ಲ. ಮೇಷ್ಟ್ರೇ, ಹೇಳಲಾ? — ಹೂಂ ಅಂತಿದ್ದಾರೆ.

ಮೇಷ್ಟ್ರು ಬ್ಯೂಗಲ್ ರಾಕ್ ಬಂಡೆಯ ಚಿತ್ರ ಬರೆದು ತಂದಿದ್ರು. ಧೂಳು, ಹುಳ ಏನೂ ಹೋಗಬಾರದು ಅಂತ ಶೈಲಜಮ್ಮ ಸುತ್ತ ಪ್ಲಾಸ್ಟಿಕ್ಕು, ಟೇಪು ಹಾಕಿ ಗಾಳಿ ಆಡದ ಹಾಗೆ ಬಿಗಿದುಕೊಟ್ರು. ಜಡಿಮಳೆ ದಿನ ಅದು. ಮುಂದಿನ ವರ್ಷ ಮೇಷ್ಟ್ರು ತಂದು ಮೇಜಿನ ಮೇಲಿಟ್ರು. ಒಳಗೆಲ್ಲ ಹಸಿರು ಬೂಷ್ಟು. ಶೈಲಜಮ್ಮನವರ ಮುಖ ಇಷ್ಟು ಸಣ್ಣಗಾಯ್ತು. ಮೇಷ್ಟ್ರು, "ಹೋಗ್ಲಿ ಬಿಡಮ್ಮ, ಬಂಡೆ ಮೇಲೆ ಪಾಚಿ ಬೆಳೆದಂಗೆ ಚೆನ್ನಾಗೇ ಕಾಣ್ತಿದೆ" ಅಂದ್ರು. ಅವರು ನಗಲಿಲ್ಲ. "ಹೊರಗಿಂದ ಏನೂ ಹೋಗಿಲ್ಲ ಮೇಷ್ಟ್ರೇ. ಮಳೆನ ನಾನೇ ಒಳಗೆ ಕೂಡಿಹಾಕಿ ಬೀಗ ಹಾಕಿದ್ದೀನಿ" ಅಂದ್ರು.

ಅಲ್ಲಿಂದ ಎಲ್ಲಾ ಕಡೆ ಜಾಗ ಬಿಡೋದು ಕಲಿತರು. ಗಾಜಿಗೂ ಕಾಗದಕ್ಕೂ ಮಧ್ಯೆ ಅಂಚಿಗೆ ಸಣ್ಣ ರಟ್ಟಿನ ಪಟ್ಟಿ — ಎರಡೂ ತಾಗಬಾರದು. ಗೋಡೆಗೂ ಪಟಕ್ಕೂ ಮಧ್ಯೆ ಜಾಗ. ಅದಕ್ಕೆ ನಾನು ಹಳೇ ಹವಾಯಿ ಚಪ್ಪಲಿ ಕತ್ತರಿಸಿ ಪಟದ ಹಿಂದಿನ ಮೂಲೆಗೆ ಅಂಟಿಸ್ತಿದ್ದೆ. "ದೇವರ ಪಟದ ಹಿಂದೆ ಚಪ್ಪಲೀನಾ ವರದಣ್ಣ? ಗಿರಾಕಿ ನೋಡಿದ್ರೆ ಇನ್ನೊಂದು ಕಾಲಿಂದು ನಮಗೇ ಬೀಳತ್ತೆ!" — ಆಮೇಲೆ ಮರದ ಚೂರು ಹಾಕಿದ್ವಿ.

ಮೇಷ್ಟ್ರು ಚಿತ್ರ ಹಾಳಾಯ್ತು ಅಂತ ದೂರ ಹೋಗಲಿಲ್ಲ. ಶನಿವಾರ ಶನಿವಾರ ಬಂದು ಕೂತು, ಶೈಲಜಮ್ಮ ಪಟ ಬಿಚ್ಚೋದನ್ನ ನೋಡೋರು. ಹಾಗೆ ನೋಡ್ತಾ ನೋಡ್ತಾ ಬರೆದದ್ದೇ ಇದು. ನೋಡಿ — ಕತ್ತು ಬಾಗಿದೆ, ಹುಬ್ಬು ಏರಿದೆ. "ಯಾಕಿರಬಹುದು?" ಅಂತ ಕೇಳೋ ಹೊತ್ತಿನ ಮುಖ.

ಇನ್ನು ಹಾರ. ಈ ಹಾರ ಕಟ್ಟಿದ್ದು ಮಾರ್ಕೆಟ್ಟಿನಲ್ಲಿ ಹೂ ಮಾರೋ ಪಿಳ್ಳಮ್ಮ, ಬಾಗಿಲ ಹತ್ರ ನಿಂತಿದ್ದಾಳೆ. ಅವಳ ಗಂಡನ ಫೋಟೋಗೆ ದಿನಾ ಒದ್ದೆ ಹಾರ ಬಿದ್ದು, ಗಾಜಿಗೆ ಫೋಟೋ ಅಂಟಿಕೊಂಡು, ಅರ್ಧ ಮುಖ ಹೋಗಿತ್ತು. ಇನ್ನೂ ಕಿತ್ತರೆ ಉಳಿದದ್ದೂ ಹೋಗತ್ತೆ ಅಂತ ಶೈಲಜಮ್ಮ ಗಾಜಿನ ಸಮೇತ ಹೊಸ ಚೌಕಟ್ಟಿಗೆ ಕೂರಿಸಿದ್ರು. "ಇನ್ಮೇಲೆ ಹಾರ ಹಾಕ್ಬೇಡ ಕಣಮ್ಮ" ಅಂದ್ರು.

ಪಿಳ್ಳಮ್ಮ ಸೊಂಟದ ಮೇಲೆ ಕೈ ಇಟ್ಕೊಂಡು, "ಏನಮ್ಮೋ! ಊರಿಗೆಲ್ಲಾ ಹೂ ಕೊಡೋಳು ನಾನು. ನಮ್ಮೆಜಮಾನ್ರು ಮಾತ್ರ ಬೋಳಾಗಿರ್ಬೇಕಾ?" ಅಂದಳು.

ಶೈಲಜಮ್ಮನವರಿಗೆ ಆ ವಾರವೆಲ್ಲ ಊಟ ಮಾಡ್ವಾಗಲೂ ಅದೇ ಯೋಚನೆ. ಆಮೇಲೆ ಒಂದಿನ, "ವರದಣ್ಣ, ಹಾರ ಪಟಕ್ಕೇ ಯಾಕೆ ತೂಗಬೇಕು? ಗೋಡೆಗೆ ತೂಗಲಿ!" ಅಂದ್ರು. ಪಿಳ್ಳಮ್ಮನ ಮನೇಲಿ ಪಟದ ಆಚೆ ಈಚೆ, ಸ್ವಲ್ಪ ಮೇಲೆ, ಪಟಕ್ಕಿಂತ ಮುಂದಕ್ಕೆ ಚಾಚೋ ಹಾಗೆ ಎರಡು ಮರದ ಗೂಟ ಹೊಡೆದೆ. ಹಾರ ಪಟದ ಮುಂದೆಯೇ ಇರತ್ತೆ, ಪಟಕ್ಕೆ ತಾಗಲ್ಲ. ನೀರು ನೇರ ಕೆಳಗಿನ ತಟ್ಟೆಗೆ. ಪಿಳ್ಳಮ್ಮನ ಗಂಡನ ಉಳಿದರ್ಧ ಮುಖ ಈಗಲೂ ಹಾಗೇ ಇದೆ, ದಿನಾ ಹೂವಿನ ಜೊತೆ.

ಇವತ್ತು ಬೆಳಿಗ್ಗೆ ಈ ಸ್ಟ್ಯಾಂಡಿಗೆ ನಾನು ಎರಡು ಗೂಟ ಕೂರಿಸಿದ್ದೀನಿ. ನೋಡಿ, ಇಲ್ಲಿ — ಇಲ್ಲಿ. ಬಂದವರೆಲ್ಲ ಇದರ ಮುಂದೇನೇ ಕೈ ಮುಗಿದ್ರು. ಈ ಗೂಟ ಯಾಕೆ ಅಂತ ಒಬ್ಬರೂ ಕೇಳಲಿಲ್ಲ. ಅವರಿದ್ದಿದ್ರೆ ಕೇಳ್ತಿದ್ರು.

ಶಿವರುದ್ರಪ್ಪನವರೇ, ಏಳಿ. ಹಾರ ತನ್ನಿ. ತನುಶ್ರೀ, ನೀನೂ ಬಾಮ್ಮ, ಆ ಕಡೆ ತುದಿ ಮಾವನ ಕೈಯಿಂದ ಇಸ್ಕೋ. ಪಿಳ್ಳಮ್ಮ, ಕೆಳಗೆ ಒಂದು ತಟ್ಟೆ ಇಡು. ನಿಧಾನ — ಹಾಂ, ಅಷ್ಟೇ. ತಾಗಿಲ್ಲ. ಎಲ್ಲೂ ತಾಗಿಲ್ಲ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲೋಣ. ಗಡಿಯಾರ ನೋಡೋದು ಬೇಡ. ಹಾರ ಇನ್ನೂ ತೂಗಾಡ್ತಿದೆ. ಅದು ನಿಲ್ಲೋವರೆಗೂ ಮಾತಾಡದೆ ಅವರ ಮುಖ ನೋಡ್ತಿರೋಣ.