ಪಾಸ್‌ವರ್ಡ್ ಕೇಳದ ಫೈಲು

ಶೈಲಶ್ರೀ ಕೋಂ ರುದ್ರೇಶ್, 41 ವರ್ಷ, ಖಾಸಗಿ ಕಂಪನಿಯಲ್ಲಿ ಸಾಫ್ಟ್‌ವೇರ್ ಕೆಲಸ, ಸ್ವಂತ ಊರು ರಾಣೆಬೆನ್ನೂರು, ಹಾಲಿ ವಾಸ ಬಿ-304, ಹೊಂಬೆಳಕು ರೆಸಿಡೆನ್ಸಿ, ಮಹದೇವಪುರ, ಬೆಂಗಳೂರು. ನನ್ನ ಮೇಲೆ ದೂರು ಬಂದಿದೆ ಎಂದು ಕರೆಸಿದ್ದರಿಂದ ಇಂದು ಬೆಳಿಗ್ಗೆ 10.30ಕ್ಕೆ ಠಾಣೆಗೆ ಹಾಜರಾಗಿ, ಪಿಎಸ್‌ಐ ಮೇಘಾ ಮೇಡಂ ಅವರ ಎದುರು ಕುಳಿತು ಬರೆಸುವುದೇನೆಂದರೆ:

ನಮ್ಮ ಅಪಾರ್ಟ್‌ಮೆಂಟ್ ಸಂಘದ ಹಿಂದಿನ ಕಾರ್ಯದರ್ಶಿ ಪರಮಾನಂದ ಅವರು ನನ್ನ ಮೇಲೆ ಮೂರು ಆರೋಪ ಮಾಡಿದ್ದಾರೆ. ನಾನು ಅವರ ಪಾಸ್‌ವರ್ಡ್ ಮುರಿದೆನಂತೆ, ಅವರು ಅಳಿಸಿದ್ದ ಮೇಲ್ ಓದಿದೆನಂತೆ, ಇಲ್ಲದ ಮೇಲ್ ಒಂದನ್ನು ಸೃಷ್ಟಿಸಿದೆನಂತೆ. ಅವರೇ ಅಳಿಸಿದ ಮೇಲ್ ಮೊದಲಿನಿಂದಲೂ ಇರಲಿಲ್ಲ ಎನ್ನುವುದು ಹೇಗೆ ಎಂದು ಅವರೇ ವಿವರಿಸಬೇಕು. ಓದಿದ್ದು ನಿಜ. ಉಳಿದೆರಡು ಸುಳ್ಳು.

ನಾವು ಈ ಅಪಾರ್ಟ್‌ಮೆಂಟ್‌ಗೆ ಬಂದಿದ್ದು 2023ರ ಆಗಸ್ಟ್‌ನಲ್ಲಿ. ಈ ವರ್ಷದ ಮಾರ್ಚ್‌ನಲ್ಲಿ ನಡೆದ ಸಂಘದ ಚುನಾವಣೆಯಲ್ಲಿ ನಾನು ಕಾರ್ಯದರ್ಶಿಯಾಗಿ ಆಯ್ಕೆಯಾದೆ. ಅದಕ್ಕೂ ಮೊದಲು ಆರು ವರ್ಷ ಪರಮಾನಂದ ಅವರೇ ಕಾರ್ಯದರ್ಶಿ. ಸೋತಿದ್ದನ್ನು ಅವರು ಇಂದಿಗೂ ಒಪ್ಪಿಲ್ಲ. ದಿನಾಂಕ 23.03.2025ರ ಭಾನುವಾರ ಅಧಿಕಾರ ಹಸ್ತಾಂತರಕ್ಕೆ ಕ್ಲಬ್ ಹೌಸ್‌ಗೆ ಬಂದವರು ಒಂದು ಪೆನ್‌ಡ್ರೈವ್ ಅನ್ನು ಟೇಬಲ್ ಮೇಲೆ ಎಸೆದು, ‘ಎಲ್ಲಾ ಇದ್ರಲ್ಲೇ ಇದೆ, ನೋಡ್ಕೊಳ್ಳಿ ಮೇಡಂ’ ಎಂದು ಹೇಳಿ ಚಹಾ ಕೂಡ ಮುಟ್ಟದೆ ಹೋದರು. ಅದರಲ್ಲಿ ಇದ್ದದ್ದು ಒಂದೇ ಫೈಲು. ಸಂಘದ ಆರು ವರ್ಷದ ಇಮೇಲ್‌ಗಳೆಲ್ಲವನ್ನೂ ಮೇಲ್ ಸಾಫ್ಟ್‌ವೇರ್ ಕಟ್ಟಿಟ್ಟ ಗಂಟು ಅದು. ಆ ಸಾಫ್ಟ್‌ವೇರಿನಲ್ಲಿ ತೆರೆಯಲು ಹೋದರೆ ಪಾಸ್‌ವರ್ಡ್ ಕೇಳಿತು. ನಾನು ಪರಮಾನಂದ ಅವರಿಗೆ ಹಲವು ಸಲ ಫೋನ್ ಮಾಡಿ ಪಾಸ್‌ವರ್ಡ್ ಕೇಳಿದೆ. ಮೊದಮೊದಲು ಮರೆತುಹೋಗಿದೆ ಎಂದರು. ಕೊನೆಯ ಸಲ, ‘ಎಲೆಕ್ಷನ್ ಗೆದ್ದಿದೀರಲ್ಲ, ಪಾಸ್‌ವರ್ಡೂ ಗೆದ್ಕೊಳ್ಳಿ’ ಎಂದು ಹೇಳಿ ಫೋನ್ ಇಟ್ಟರು.

ದಿನಾಂಕ 10.05.2025ರಂದು ಸಂಜೆ 5.15ಕ್ಕೆ ನಮ್ಮ ಬ್ಲಾಕಿನ ಲಿಫ್ಟ್ ಎರಡು ಮತ್ತು ಮೂರನೇ ಮಹಡಿಯ ನಡುವೆ ನಿಂತುಹೋಯಿತು. ಒಳಗೆ ನನ್ನ ಅತ್ತೆ ಲಕ್ಷ್ಮವ್ವ ಒಬ್ಬರೇ ಇದ್ದರು. ಅವರಿಗೆ 74 ವರ್ಷ, ಉಬ್ಬಸ. ಹೊರಗೆ ತೆಗೆಯುವಾಗ 6.05 ಆಗಿತ್ತು. ಅಷ್ಟು ಹೊತ್ತೂ ಅವರು ಬಾಗಿಲು ಬಡಿಯುವ ಸದ್ದು ಕೇಳುತ್ತಾ ನಾನು ಹೊರಗೆ ನಿಂತಿದ್ದೆ. ಲಿಫ್ಟ್ ಕಂಪನಿಗೆ ಫೋನ್ ಮಾಡಿದರೆ, ಉಚಿತ ದುರಸ್ತಿಯ ಒಪ್ಪಂದವನ್ನು ನಿಮ್ಮ ಹಳೆಯ ಕಾರ್ಯದರ್ಶಿಗೆ ಮೇಲ್‌ನಲ್ಲೇ ಕಳಿಸಿದ್ದೇವೆ, ಅದನ್ನು ತೋರಿಸಿ ಎಂದರು. ಆ ಮೇಲ್ ಪೆನ್‌ಡ್ರೈವಿನಲ್ಲಿತ್ತು, ಪಾಸ್‌ವರ್ಡ್ ಪರಮಾನಂದ ಅವರ ಹೊಟ್ಟೆಯಲ್ಲಿತ್ತು. ನನಗೆ ಆ ದಿನ ಬಂದ ಸಿಟ್ಟು ಇನ್ನೂ ಇಳಿದಿಲ್ಲ ಎಂಬುದನ್ನೂ ಬರೆದುಕೊಳ್ಳಬೇಕಾಗಿ ಕೋರುತ್ತೇನೆ.

ಮರುದಿನ ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ನನ್ನ ಸ್ವಂತ ಲ್ಯಾಪ್‌ಟಾಪ್‌ನಲ್ಲಿ ಆ ಫೈಲಿನ ಪ್ರತಿ ಮಾಡಿಕೊಂಡೆ. ಪೈಥಾನ್ ಭಾಷೆಯಲ್ಲಿ ಒಂದು ಸಣ್ಣ ಪ್ರೋಗ್ರಾಂ ಬರೆದು, ಇಂಥ ಫೈಲುಗಳನ್ನು ಓದಲೆಂದೇ ಇರುವ ಉಚಿತ ಲೈಬ್ರರಿಯೊಂದನ್ನು ಅದರಲ್ಲಿ ಬಳಸಿದೆ. ಹೇಳಿಕೆ ಬರೆದುಕೊಳ್ಳುತ್ತಿರುವ ರೈಟರ್ ಸಾಹೇಬರು ಆ ಗ್ರಂಥಾಲಯ ಎಲ್ಲಿದೆ, ಸದಸ್ಯತ್ವ ಇದೆಯೇ ಎಂದು ಕೇಳಿದ್ದರಿಂದ ಸ್ಪಷ್ಟಪಡಿಸುತ್ತೇನೆ. ಇದು ಪುಸ್ತಕದ ಲೈಬ್ರರಿ ಅಲ್ಲ. ಬೇರೆಯವರು ಬರೆದಿಟ್ಟ ಪ್ರೋಗ್ರಾಮಿನ ಕಟ್ಟು. ಯಾರು ಬೇಕಾದರೂ ಇಳಿಸಿಕೊಂಡು ಬಳಸಬಹುದು. ಇದು ಮೇಲ್ ಸಾಫ್ಟ್‌ವೇರಿನ ಹಂಗಿಲ್ಲದೆ ಫೈಲನ್ನು ನೇರವಾಗಿ ಓದುತ್ತದೆ. ಒಂದು ಫೋಲ್ಡರಿನ ಒಳಗೆ ಹೋಗಿ, ಅಲ್ಲಿರುವ ಮೇಲ್‌ಗಳ ವಿಷಯ, ಕಳಿಸಿದವರು, ದಿನಾಂಕ, ಒಕ್ಕಣೆ ಎಲ್ಲವನ್ನೂ ಓದಿ, ಮುಂದಿನ ಫೋಲ್ಡರಿಗೆ ಹೋಗುತ್ತದೆ.

ಹಾಗಾದರೆ ಬೀಗ ಒಡೆದಂತಾಯಿತಲ್ಲ ಎಂದು ಮೇಘಾ ಮೇಡಂ ಕೇಳಿದರು. ಇಲ್ಲ. ಇಂಥ ಫೈಲಿಗೆ ಹಾಕುವ ಪಾಸ್‌ವರ್ಡ್ ಬೀಗವೇ ಅಲ್ಲ. ಗೇಟಿನಲ್ಲಿ ಒಬ್ಬ ವಾಚ್‌ಮನ್ ಕೂರಿಸಿ, ಸುತ್ತ ಕಾಂಪೌಂಡನ್ನೇ ಕಟ್ಟಿಸದೆ ಬಿಟ್ಟಂತೆ. ಮೇಲ್ ಸಾಫ್ಟ್‌ವೇರ್ ಗೇಟಿನಿಂದ ಬರುವುದರಿಂದ ವಾಚ್‌ಮನ್ ತಡೆಯುತ್ತಾನೆ. ಲೈಬ್ರರಿ ಬಯಲಿನಿಂದ ಬರುತ್ತದೆ. ಅದನ್ನು ಯಾರೂ ಪಾಸ್‌ವರ್ಡ್ ಕೇಳುವುದಿಲ್ಲ. ಇದು ಹೊಸದಾಗಿ ಕಂಡುಹಿಡಿದ ವಿದ್ಯೆಯಲ್ಲ, ನಮ್ಮ ಕಸುಬಿನವರಿಗೆಲ್ಲ ಗೊತ್ತು. ಪರಮಾನಂದ ಅವರೂ ಇಪ್ಪತ್ತೆರಡು ವರ್ಷ ಐಟಿಯಲ್ಲೇ ಇದ್ದವರು. ಪಾಸ್‌ವರ್ಡ್ ಹಾಕಿದೆ, ಇನ್ನು ಭದ್ರ ಎಂದು ನಂಬಿ ಕೂತದ್ದು ಅವರ ತಪ್ಪು. ಮೇಲಾಗಿ ಆ ಮೇಲ್‌ಗಳು ಸಂಘದವು, ಅವರ ಮನೆಯವಲ್ಲ.

‘ಲಿಫ್ಟ್’ ಎಂಬ ಪದ ಇರುವ ಮೇಲ್‌ಗಳನ್ನೆಲ್ಲ ತೋರಿಸು ಎಂದು ಪ್ರೋಗ್ರಾಮಿಗೆ ಬರೆದಿದ್ದೆ. ನಮಗೆ ಬೇಕಾಗಿದ್ದ ಒಪ್ಪಂದ ಸಿಕ್ಕಿತು. ಅದರ ಕೆಳಗೇ, ಅಳಿಸಿದ ಮೇಲ್‌ಗಳ ಫೋಲ್ಡರಿನಿಂದ ಮತ್ತೊಂದು ಮೇಲ್ ಬಂತು. ಪರಮಾನಂದ ಅವರು ಅದನ್ನು ಅಳಿಸಿದ್ದರು, ಆದರೆ ಆ ಫೋಲ್ಡರನ್ನು ಖಾಲಿ ಮಾಡಿರಲಿಲ್ಲ. ಕಸವನ್ನು ಬುಟ್ಟಿಗೆ ಹಾಕಿ ಬುಟ್ಟಿಯನ್ನು ನಮ್ಮ ಕೈಗೇ ಕೊಟ್ಟಿದ್ದರು.

ಆ ಮೇಲ್ ಬರೆದವರು ಎ-102ರ ಶಶಿಕಲಾ. ದಿನಾಂಕ 27.01.2023. ಇಂಗ್ಲಿಷಿನಲ್ಲಿದ್ದ ಅದರ ಸಾರ ಹೀಗಿದೆ. ಕಳುವಾಗಿದೆ ಎಂದುಕೊಂಡಿದ್ದ ತಮ್ಮ ಚಿನ್ನದ ಸರವು ಲಿಫ್ಟ್ ರಿಪೇರಿಯವರಿಗೆ ಲಿಫ್ಟಿನ ಕೆಳಗಿರುವ ಹಳ್ಳದಲ್ಲಿ ಸಿಕ್ಕಿದೆ, ಕೊಂಡಿ ಕಳಚಿ ಬಾಗಿಲ ಸಂದಿಯಿಂದ ಬಿದ್ದಿರಬೇಕು, ಹೊಳೆವ್ವ ತೆಗೆದಿರಲಿಲ್ಲ, ಆದರೆ ಈಗ ಗ್ರೂಪಿನಲ್ಲಿ ಹಾಕುವುದು ಬೇಡ, ನಮಗೇ ಮುಜುಗರ. ಅದೇ ದಿನ ಪರಮಾನಂದ ಅವರು ಕೊಟ್ಟ ಉತ್ತರವೂ ಅದರ ಜೊತೆಗೇ ಇತ್ತು: ಅರ್ಥವಾಯಿತು, ಹೊಳೆವ್ವಳ ಮೇಲಿನ ನಿರ್ಬಂಧ ಹಾಗೇ ಇರಲಿ, ಒಬ್ಬಳನ್ನು ಹೊರಗಿಟ್ಟರೆ ಉಳಿದ ಕೆಲಸದವರು ನೆಟ್ಟಗಿರುತ್ತಾರೆ.

ನಾನು ಅದನ್ನು ಎರಡು ಸಲ ಓದಿದೆ. ಮೈ ಉರಿದುಹೋಯಿತು. ಹೊಳೆವ್ವ ಎಂಬ ಹೆಸರನ್ನು ಅದೇ ಮೊದಲು ಕೇಳಿದ್ದು, ಆದರೆ ಮುಖ ಗೊತ್ತಿತ್ತು. ಗೇಟಿನ ಸೆಕ್ಯುರಿಟಿ ಕೋಣೆಯ ಗೋಡೆಗೆ ‘ಕಳ್ಳಿ, ಒಳಗೆ ಬಿಡಕೂಡದು’ ಎಂಬ ಒಕ್ಕಣೆಯೊಂದಿಗೆ ಒಬ್ಬ ಹೆಂಗಸಿನ ಫೋಟೋ ಅಂಟಿಸಿದೆ. ನಾನು ಸೆಕ್ಯುರಿಟಿ ಯಮನೂರನನ್ನು ಕೇಳಿದಾಗ, ಅದು ಹೊಳೆವ್ವಳ ಫೋಟೋ, ಸುತ್ತಲಿನ ಅಪಾರ್ಟ್‌ಮೆಂಟ್‌ಗಳ ಗೇಟುಗಳಿಗೂ ಫೋನಿನಲ್ಲಿ ಹೋಗಿದೆ ಎಂದು ತಿಳಿಸಿದ. ‘ನಮ್ಮೂರ ಕಡೇರೇ ಅಕ್ಕಾರ. ನಾ ದಿನಾ ಆ ಮಾರಿ ಮುಂದ ಕುಂದ್ರತೀನ್ರಿ, ತಗೀಬೇಕಂದ್ರ ನನ್ನ ಕೆಲಸ ಹೋಗ್ತೈತಿ’ ಎಂದೂ ಹೇಳಿದ.

ಅದೇ ಸಂಜೆ ಯಮನೂರ ತೋರಿಸಿದ ಕಟ್ಟಡದ ಕೆಲಸದ ಜಾಗಕ್ಕೆ ಹೋದೆ. ನಮ್ಮ ಗೇಟಿನಿಂದ ಸುಮಾರು 600 ಮೀಟರ್. ಹೊಳೆವ್ವ ತಲೆ ಮೇಲೆ ಜಲ್ಲಿ ಪುಟ್ಟಿ ಹೊತ್ತು ಮೆಟ್ಟಿಲು ಹತ್ತುತ್ತಿದ್ದರು. ಊರು ಕುಷ್ಟಗಿ ಕಡೆ, ಗಂಡ ಕಾಡಪ್ಪ ಗಾರೆ ಕೆಲಸ. ಮೊದಲು ನಮ್ಮ ಅಪಾರ್ಟ್‌ಮೆಂಟ್‌ನಲ್ಲೇ ಐದು ಮನೆ ಕೆಲಸ ಮಾಡುತ್ತಿದ್ದರು. ಸರ ಕದ್ದ ಆರೋಪ ಬಂದು ಒಂದೇ ದಿನ ಐದೂ ಹೋದವು. ಆಮೇಲೆ ಯಾವ ಗೇಟಿಗೆ ಹೋದರೂ ಮೊಬೈಲ್ ನೋಡಿ ವಾಪಸ್ ಕಳಿಸಿದರು. ಸರ ಸಿಕ್ಕ ವಿಷಯ ತಿಳಿಸಿದಾಗ ಅವರು ಪುಟ್ಟಿ ಕೆಳಗಿಟ್ಟು ಅಲ್ಲೇ ಕೂತರು. ಅಳುತ್ತಾರೆ ಎಂದುಕೊಂಡೆ, ಅಳಲಿಲ್ಲ. ‘ಯಾವಾಗ ಸಿಕ್ಕಿತ್ರೀ?’ ಎಂದು ಕೇಳಿದರು. ಆ ವರ್ಷದ ಸಂಕ್ರಾಂತಿ ಆದ ಹನ್ನೆರಡನೆಯ ದಿನಕ್ಕೇ ಎಂದೆ. ‘ಅಂದ್ರ ನಾ ಅವರ ಗೇಟಿನ ಮುಂದ ಕುಂತು ಅಳೂಮುಂದ ಸರ ಅವರ ಕೊಳ್ಳಾಗಿತ್ತು’ ಎಂದರು.

ದಿನಾಂಕ 18.05.2025ರಂದು ಬೆಳಿಗ್ಗೆ 11ಕ್ಕೆ ಸಂಘದ ಸಭೆ. ಹಳೆಯ ಮೇಲ್‌ಗಳು ಸಿಕ್ಕಿವೆ ಎಂದು ನಾನು ಹೇಳಿದ್ದೇ ತಡ, ಪರಮಾನಂದ ಅವರು ಎದ್ದು ನಿಂತು, ಅದೆಲ್ಲ ಫೇಕು ಎಂದು ಕೂಗಿದರು. ಯಾವ ಮೇಲ್ ಎಂದು ನಾನು ಇನ್ನೂ ಹೇಳಿರಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವುದನ್ನು ಅಂದು ಕಣ್ಣಾರೆ ಕಂಡೆ. ಮೇಲ್ ಅನ್ನು ಪೂರ್ತಿ ಓದಿದೆ. ಶಶಿಕಲಾ ಅವರು ಸುಳ್ಳು ಎನ್ನಲಿಲ್ಲ. ‘ಪೊಲೀಸ್‌ಗೆ ಕೊಡ್ತೀನಿ ಅಂತ ಅಷ್ಟು ಕೂಗಾಡಿದ್ಮೇಲೆ, ಸರ ಸಿಕ್ತು ಅಂತ ಹೇಗ್ರೀ ಹೇಳೋದು? ನಮ್ಗೂ ಮರ್ಯಾದೆ ಇಲ್ವಾ?’ ಎಂದು ನನ್ನನ್ನೇ ಕೇಳಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ನೀವು ಎಂದು ನಾನು ಸಭೆಗೆ ಬೈದದ್ದು ನಿಜ. ಅದನ್ನು ದೂರಿನಲ್ಲಿ ಅವಾಚ್ಯ ಶಬ್ದ ಎಂದು ಬರೆದಿದ್ದಾರೆ. ಗಾದೆ ಅವಾಚ್ಯ ಹೇಗಾಯಿತೋ ಗೊತ್ತಿಲ್ಲ. ಕೊನೆಗೆ ಕೈ ಎತ್ತಿಸಿ, ಈ ವಿಷಯವನ್ನು ಸಭೆಯ ನಡಾವಳಿಯಿಂದ ತೆಗೆದುಹಾಕಲು ಬಹುಮತದಿಂದ ಒಪ್ಪಿಕೊಂಡರು. ಗೇಟಿನ ಗೋಡೆಯಿಂದ ಹೊಳೆವ್ವಳ ಫೋಟೋ ತೆಗೆಯುವ ವಿಷಯವನ್ನು ಮುಂದಿನ ಸಭೆಗೆ ಹಾಕಿದರು. ಅದಾಗಿ ಎರಡು ದಿನಕ್ಕೆ ಪರಮಾನಂದ ಅವರು ನನ್ನ ಮೇಲೆ ದೂರು ಕೊಟ್ಟರು.

ಇಂದು ಬೆಳಿಗ್ಗೆ ಠಾಣೆಯಲ್ಲಿ ಪರಮಾನಂದ ಅವರು ಮೊದಲೇ ಟೈಪ್ ಮಾಡಿಸಿ ತಂದಿದ್ದ ರಾಜಿ ಪತ್ರವನ್ನು ತೋರಿಸಿದರು. ನಾನು ಪೆನ್‌ಡ್ರೈವ್ ವಾಪಸ್ ಕೊಟ್ಟು ಎಲ್ಲ ಪ್ರತಿಗಳನ್ನೂ ಅಳಿಸಬೇಕು. ಅವರು ದೂರು ಹಿಂಪಡೆದು, ಫೋಟೋ ತೆಗೆಸುತ್ತಾರೆ. ‘ಒಬ್ಬ ಮಾಜಿ ಕೆಲಸದಾಕೆಗೆ ಸಂಬಂಧಿಸಿದ ತಪ್ಪು ತಿಳಿವಳಿಕೆ’ ಎಂದು ಅದರಲ್ಲಿತ್ತು. ನನ್ನ ಗಂಡ ರುದ್ರೇಶ್ ಅವರು ನನ್ನನ್ನು ಪಕ್ಕಕ್ಕೆ ಕರೆದು, ‘ಸೈನ್ ಹಾಕಿಬಿಡು ಮಾರಾಯ್ತಿ, ಫೋಟೋ ತೆಗೀತಾರಂತಲ್ಲ. ಎಫ್‌ಐಆರ್ ಆದ್ರೆ ನಿನ್ ಕೆಲಸದ ಗತಿ ಏನು?’ ಎಂದರು. ಅವರ ಮಾತು ತಪ್ಪಲ್ಲ. ನಾನು ಬ್ಯಾಂಕೊಂದರ ಪ್ರಾಜೆಕ್ಟ್‌ನಲ್ಲಿದ್ದೇನೆ. ಕ್ರಿಮಿನಲ್ ಪ್ರಕರಣ ಇದ್ದವರನ್ನು ಅಲ್ಲಿ ಒಂದು ದಿನವೂ ಇಟ್ಟುಕೊಳ್ಳುವುದಿಲ್ಲ. ಮನೆಯ ಸಾಲದ ಕಂತು ನನ್ನ ಸಂಬಳದಿಂದಲೇ ಹೋಗುತ್ತದೆ. ನನಗೆ ಹೆದರಿಕೆ ಆಗಿದೆ, ಆಗಿಲ್ಲ ಎಂದರೆ ಸುಳ್ಳಾಗುತ್ತದೆ.

ಹೊಳೆವ್ವ ಇಂದಿನ ಕೂಲಿ ಬಿಟ್ಟು ಬಂದು ಠಾಣೆಯ ಜಗುಲಿಯಲ್ಲಿ ಕುಳಿತಿದ್ದರು. ಸಹಿ ಹಾಕುವ ಮೊದಲು ರಾಜಿ ಪತ್ರವನ್ನು ಅವರಿಗೆ ಓದಿ ಹೇಳಿದೆ. ಪೂರ್ತಿ ಕೇಳಿ, ‘ಇದ್ರಾಗ ನನ್ನ ಹೆಸರು ಎಲ್ಲೈತ್ರಿ?’ ಎಂದರು. ಇಲ್ಲ ಎಂದೆ. ‘ಕಳ್ಳಿ ಅನ್ನಾಕ ಹೆಸರು ಹಿಡದು ಅಂದ್ರು. ಅಲ್ಲ ಅನ್ನಾಕ ಹೆಸರು ಮರ್ತ್ರೇನು?’ ಎಂದರು. ನಾನು ಒಳಗೆ ಬಂದು, ಹೊಳೆವ್ವ ನಿರ್ದೋಷಿ ಎಂದು ಹೆಸರು ಸಮೇತ ಸೇರಿಸಿದರೆ ಈಗಲೇ ಸಹಿ ಹಾಕುತ್ತೇನೆ ಎಂದು ಪರಮಾನಂದ ಅವರಿಗೆ ತಿಳಿಸಿದೆ. ‘ಹೆಸರು ಹಾಕಿದ್ರೆ ನಾಳೆ ಅವಳೇ ನಮ್ಮೇಲೆ ಕೇಸ್ ಹಾಕ್ತಾಳೆ ಕಣ್ರೀ’ ಎಂದು ಮೇಘಾ ಮೇಡಂ ಎದುರೇ ಹೇಳಿದರು.

ಆದ್ದರಿಂದ ನನಗೆ ಈ ರಾಜಿ ಒಪ್ಪಿಗೆ ಇಲ್ಲ. ಪರಮಾನಂದ ಅವರು ಕೊಟ್ಟ ಪೆನ್‌ಡ್ರೈವ್ ಮತ್ತು ನನ್ನ ಲ್ಯಾಪ್‌ಟಾಪ್ ಎರಡನ್ನೂ ಈಗಲೇ ಹಾಜರುಪಡಿಸುತ್ತಿದ್ದೇನೆ. ನಾನು ಬಳಸಿದ ಲೈಬ್ರರಿ ಫೈಲನ್ನು ಓದುತ್ತದೆಯೇ ಹೊರತು ಒಳಗೆ ಒಂದಕ್ಷರವನ್ನೂ ಬರೆಯುವುದಿಲ್ಲ. ಪೆನ್‌ಡ್ರೈವ್ ಅನ್ನು ಸರ್ಕಾರಿ ಪ್ರಯೋಗಾಲಯಕ್ಕೆ ಕಳಿಸಿ. ಅವರಿಗೂ ಅದೇ ಮೇಲ್ ಸಿಗುತ್ತದೆ. ಸಭೆಯವರು ಕೈ ಎತ್ತಿ ತೆಗೆದುಹಾಕಿದ್ದನ್ನು ನ್ಯಾಯಾಲಯದ ಕಡತದಿಂದ ತೆಗೆಯಲು ಅವರಿಂದ ಆಗುವುದಿಲ್ಲ. ಪರಮಾನಂದ ಅವರು ದೂರು ಹಿಂಪಡೆಯಲು ಬಂದರೆ ಬಿಡಬೇಡಿ. ನನ್ನ ಮೇಲೆ ಪ್ರಕರಣ ದಾಖಲಿಸಿ ಆ ಮೇಲ್ ಅನ್ನು ಸಾಕ್ಷ್ಯವಾಗಿ ಸೇರಿಸಬೇಕೆಂದು ಕೋರುತ್ತೇನೆ. ಆರೋಪಿಯ ಜಾಗದಲ್ಲಿ ನನ್ನ ಹೆಸರನ್ನು ಪೂರ್ತಿ ಬರೆಯಿರಿ. ನನ್ನ ಪರ ಮೊದಲ ಸಾಕ್ಷಿ ಹೊಳೆವ್ವ ಕೋಂ ಕಾಡಪ್ಪ, 38 ವರ್ಷ, ಮನೆಗೆಲಸ, ಸದರಿಯವರು ಸರ ಕದ್ದಿಲ್ಲ.

ಇಷ್ಟನ್ನು ನಾನೇ ಹೇಳಿ ಬರೆಸಿದ್ದು, ಓದಿಸಿ ಕೇಳಿದ್ದೇನೆ, ಇದು ಸತ್ಯ. ಕೆಳಗೆ ಸಹಿ ಮಾಡಿದ್ದೇನೆ.

ಸ್ಥಳ: ಬೆಂಗಳೂರು
ದಿನಾಂಕ: 24.05.2025

(ಸಹಿ)
ಶೈಲಶ್ರೀ