ಬೇಲಿಯ ಹೊರಗಿನ ಗಿಡ್ಡ ಕಲ್ಲು

ಊರಾಚೆಯ ಆ ನಿಂತ ಕಲ್ಲುಗಳಿಗೆ ಮುಳ್ಳುತಂತಿ ಬೇಲಿ ಹಾಕಿದವನು ನಾನೊಬ್ಬನೇ, ಒಂದೇ ಹಗಲಲ್ಲಿ. ನೋಡಿದವರೆಲ್ಲ ಮಣ್ಣು ಸೇರಿದ್ದಾರೆ. ನಂಬಿಕೆ ಇಲ್ಲದವರು ಹೋಗಿ ಅವರನ್ನೇ ಕೇಳಿ.

ಜನ ಕಬ್ಬಿಣದ ಮುಖ ಕಾಣುವುದಕ್ಕೂ ಮುಂಚೆ, ಸತ್ತವರನ್ನು ಹೂತು ಮೇಲೆ ನೆಟ್ಟ ಕಲ್ಲುಗಳಂತೆ ಅವು. ಸರ್ಕಾರದ ಸಾಹೇಬರು ಬಂದು ಸ್ಮಾರಕ ಅಂದರು, ಮುಟ್ಟಿದರೆ ಜೈಲು ಅಂದರು. ಅವರು ತಂದ ತಂತಿ ಮಾತ್ರ ಸಾಲಲಿಲ್ಲ. ಕೊನೆಯದೊಂದು ಗಿಡ್ಡ ಕಲ್ಲು ಹೊರಗೇ ಉಳಿಯಿತು.

ಅದರ ಮೇಲೆ ನನ್ನ ಭಾವನ ಕಣ್ಣು ಬಿತ್ತು. ಕಲ್ಲುಕುಟಿಗ ಅವನು. ನಾವೀಗ ಕೂತಿರುವ ಈ ಮನೆಯನ್ನೇ ಕಟ್ಟುತ್ತಿದ್ದ. ಹೊಸ್ತಿಲಿಗೆ ಕಲ್ಲು ಬೇಕಿತ್ತು.

"ಬೇಡ ಭಾವ," ಅಂದೆ.

"ಒಳಗಿರೋದು ಸರ್ಕಾರದ್ದು ಕಣಯ್ಯ. ಹೊರಗಿರೋದಕ್ಕೆ ಯಾರಿದ್ದಾರೆ?"

ಒಂದು ರಾತ್ರಿ ಕೆಲಸ ಮುಗಿಸಿ, ಪಾಳುಬಾವಿ ದಾಟಿ ಬರುತ್ತಿದ್ದವನು ಅಲ್ಲಿ ನಿಂತ. ಉಳಿ ಇಟ್ಟ. ಸುತ್ತಿಗೆ ಎತ್ತಿ ಹೊಡೆದ.

ಠಣ್ ಅನ್ನಬೇಕಲ್ಲ? ಅನ್ನಲಿಲ್ಲ. ಧಪ್... ಮಲಗಿದವರ ಬೆನ್ನಿಗೆ ಗುದ್ದಿದ ಹಾಗೆ.

ಉಳಿ ಕಚ್ಚಿಕೊಂಡಿತು. ಎಳೆದ... ಬರಲಿಲ್ಲ. ಕಲ್ಲಿನೊಳಗಿಂದ ಪಿಸುಮಾತು.

"ನೋಯ್ತಿದೆ... ನನ್ನನ್ನೂ ಒಳಗೆ ಕರ್ಕೊಳ್ಳಿ."

ಬೇಲಿಯ ಒಳಗೆ ಗರ್ರ್... ಗರ್ರ್... ಬೀಸುಕಲ್ಲು ತಿರುಗಿದ ಹಾಗೆ ಸದ್ದು. ಇನ್ನೊಂದು ದನಿ, ಮುದುಕಿಯದು.

"ಸ್ವಲ್ಪ ಸರ್ಕೊಳ್ಳಿ ಎಲ್ಲಾ. ಮಗೂಗೆ ಜಾಗ ಬಿಡಿ."

ತಂತಿ ಟಿಂಯ್ ಅಂದಿತು. ಭಾವ ಚಪ್ಪಲಿ ಅಲ್ಲೇ ಬಿಟ್ಟು ಓಡಿಬಂದು ನನ್ನ ಬಾಗಿಲು ಬಡಿದ.

ಬೆಳಗ್ಗೆ ಇಬ್ಬರೂ ಹೋಗಿ ನೋಡಿದೆವು. ಗಿಡ್ಡ ಕಲ್ಲು ಒಳಗಿತ್ತು, ಎರಡು ದೊಡ್ಡ ಕಲ್ಲುಗಳ ನಡುವೆ ಒತ್ತಿಕೊಂಡು. ಬೆನ್ನಲ್ಲಿ ಭಾವನ ಉಳಿ. ತಂತಿಯ ಒಂದೆಳೆಯೂ ತುಂಡಾಗಿರಲಿಲ್ಲ. ಭಾವ ಸಾಯುವವರೆಗೂ ಸುತ್ತಿಗೆ ಮುಟ್ಟಲಿಲ್ಲ. ಈ ಬಾಗಿಲಿಗೆ ಇವತ್ತಿಗೂ ಹೊಸ್ತಿಲಿಲ್ಲ, ನೋಡಿಕೊಳ್ಳಿ. ನನ್ನಾಣೆಗೂ ನಡೆದದ್ದು.

ಭಾವನ ಮೊಮ್ಮಗಳು ಕಿಸಕ್ಕನೆ ನಕ್ಕಳು.

"ತಾತ, ಬುರುಡೆ ಬಿಡೋದಕ್ಕೂ ಒಂದು ಮಿತಿ ಬೇಡ್ವಾ? ಸಂಜೆ ನಾನು ಸೈಕಲ್ ಒರಗಿಸಿದ್ದೇ ಆ ಗಿಡ್ಡ ಕಲ್ಲಿಗೆ. ಬೇಲಿ ಹೊರಗೇ ಇದೆ. ಉಳಿನೂ ಇಲ್ಲ, ಗಿಳಿನೂ ಇಲ್ಲ."

ಎಲ್ಲರೂ ನನ್ನ ಮುಖ ನೋಡಿದರು. ನಾನು ಕೈ ಕೊಡವಿ ಎದ್ದೆ.

"ಹಾಗಾದ್ರೆ ಕಲ್ಲು ಬೆನ್ನಿನ ಉಳಿ ಕಿತ್ಕೊಂಡು, ವಾಪಸ್ ಕೊಡೋಕೆ ಇಲ್ಲಿಗೇ ಹೊರಟಿದೆ ಕಣಮ್ಮ. ಅಷ್ಟೇ."